ಮೂವತ್ತು ಕಿಲೋ ಸಾಮಾನು, ಒಂದು ಅಟ್ಟೆ ಮಲ್ಲಿಗೆ

ಮೇ ತಿಂಗಳ ಕೊನೆ. ದುಬೈಯ ಕರಾಮದಲ್ಲಿ ಸಂಜೆ ಏಳಾದರೂ ಸೆಕೆ ತಗ್ಗಿಲ್ಲ. ಹಗಲಿಡೀ ಕಾದ ಕಾಲುದಾರಿಯ ಇಟ್ಟಿಗೆಯ ಬಿಸಿ ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತದೆ. ಗೋಡೆಯುದ್ದಕ್ಕೂ ಸಾಲುಗಟ್ಟಿದ ಏಸಿ ಪೆಟ್ಟಿಗೆಗಳಿಂದ ಹನಿ ತೊಟ್ಟಿಕ್ಕಿ ನೆಲದಲ್ಲಿ ಅಲ್ಲಲ್ಲಿ ಒದ್ದೆ ವೃತ್ತಗಳು. ಒಂದು ಕಡೆಯಿಂದ ಏಲಕ್ಕಿ ಹಾಕಿ ಕುದಿಸಿದ ಕರಕ್ ಚಹಾದ ವಾಸನೆ, ಇನ್ನೊಂದು ಕಡೆಯಿಂದ ಲಾಂಡ್ರಿಯ ಇಸ್ತ್ರಿಯ ಆವಿ, ನಡುವೆ ಎಲ್ಲಿಂದಲೋ ಇಂಗಿನ ಒಗ್ಗರಣೆ. ಕೆಲಸ ಬಿಟ್ಟವರನ್ನು ಕಂಪನಿ ಬಸ್ಸುಗಳು ಇಳಿಸಿ ಹೋಗುತ್ತಿವೆ. ಮಲಯಾಳ, ಹಿಂದಿ, ಉರ್ದು, ಟಗಲಾಗ್ ಮಾತುಗಳ ಸಂದಿಯಲ್ಲಿ ಒಂದು ತುಳು ವಾಕ್ಯ ಬಿದ್ದರೆ ಸಾಕು, ಕರಾವಳಿಯವರು ಯಾರೇ ಇರಲಿ, ನಡೆಯುತ್ತಿದ್ದಲ್ಲೇ ಒಮ್ಮೆ ತಿರುಗಿ ನೋಡುತ್ತಾರೆ.

ಬೀದಿಯ ತಿರುವಿನಲ್ಲಿ ಒಂದು ಕಾರ್ಗೋ ಅಂಗಡಿ. ಹೊರಗಿನ ಕಟ್ಟೆಯ ಮೇಲೆ ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳ ರಾಶಿ, ಒಳಗೆ ನೆಲದ ಮೇಲೆ ತೂಕದ ಯಂತ್ರ. ಇಬ್ಬರು ಹುಡುಗರು ಬಗ್ಗಿದ ಸೊಂಟ ಎತ್ತದೆ ಕೆಲಸ ಮಾಡುತ್ತಿದ್ದಾರೆ. ಒಬ್ಬ ರಟ್ಟು ಬಿಡಿಸಿ ಪೆಟ್ಟಿಗೆ ನಿಲ್ಲಿಸಿ ತಳಕ್ಕೆ ಟೇಪು ಸುತ್ತುತ್ತಾನೆ. ಇನ್ನೊಬ್ಬ ಗಿರಾಕಿಯ ಚೀಲದಿಂದ ಒಂದೊಂದೇ ವಸ್ತು ತೆಗೆದು, ಗಟ್ಟಿಯದನ್ನು ಅಡಿಗೆ, ಒಡೆಯುವುದನ್ನು ನಡುವಿಗೆ, ಬಟ್ಟೆಯನ್ನು ಸಂದಿಗೆ ತುಂಬುತ್ತ ಹೋಗುತ್ತಾನೆ. ಟೇಪು ಎಳೆಯುವ ಕರ್ಕಶ ಸದ್ದು ಎದ್ದಾಗ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ, ಸದ್ದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಆಮೇಲೆ ನೈಲಾನ್ ಹಗ್ಗ; ಉದ್ದಕ್ಕೆ, ಅಡ್ಡಕ್ಕೆ, ಪ್ರತಿ ಸಂದಿಗೂ ಒಂದು ಗಂಟು. ಕೊನೆಗೆ ದಪ್ಪ ಮಾರ್ಕರಿನಲ್ಲಿ ಹೆಸರು, ಮನೆ ಹೆಸರು, ಅಂಚೆ, ತಾಲೂಕು. ಹಡಗಿನಲ್ಲಿ ಹೋಗುವುದಾದರೆ ಅಗ್ಗ, ತಡ. ವಿಮಾನದಲ್ಲಾದರೆ ಬೇಗ, ದುಬಾರಿ. ಈ ಲೆಕ್ಕ ಮಾಡುವಾಗ ಎಲ್ಲ ಗಿರಾಕಿಗಳ ಮುಖದಲ್ಲೂ ಒಂದೇ ಬಗೆಯ ಗೆರೆಗಳು ಮೂಡುತ್ತವೆ.

ಸ್ವಲ್ಪ ಹೊತ್ತು ಬದಿಗೆ ನಿಂತು ನೋಡಿದರೆ ಯಾರು ರಜೆಗೆ ಹೋಗುವವರು, ಯಾರು ವೀಸಾ ಕ್ಯಾನ್ಸಲ್ ಮಾಡಿ ಹೋಗುವವರು ಎಂದು ಪೆಟ್ಟಿಗೆ ನೋಡಿಯೇ ಹೇಳಬಹುದು. ರಜೆಯವರದೆಲ್ಲ ಹೊಸತು: ಪ್ಲಾಸ್ಟಿಕ್ ಬಿಚ್ಚದ ದಪ್ಪ ಕಂಬಳಿ, ಹಾಲಿನ ಪುಡಿಯ ಡಬ್ಬ, ಟ್ಯಾಂಗ್, ಪಿಸ್ತಾ, ಖರ್ಜೂರ, ಟೈಗರ್ ಬಾಮ್, ಸೆಂಟಿನ ಬಾಟಲಿ, ಮಕ್ಕಳಿಗೆ ಬಣ್ಣದ ಪೆನ್ಸಿಲು. ಕ್ಯಾನ್ಸಲ್ ಮಾಡಿ ಹೋಗುವವರ ಪೆಟ್ಟಿಗೆಯಲ್ಲಿ ಬಳಸಿದ ವಸ್ತುಗಳು. ತಳ ಕಪ್ಪಾದ ಕುಕ್ಕರು, ತಲೆದಿಂಬು, ಹಳೆಯ ಫೈಲು, ದಾರ ಬಿಟ್ಟ ಸ್ವೆಟರು, ದೇವರ ಫೋಟೋ. ಪ್ಯಾಕ್ ಮಾಡುವ ಹುಡುಗರಿಗೂ ಇದು ಗೊತ್ತು. ಅಂಥ ಪೆಟ್ಟಿಗೆಗೆ ಅವರು ಒಂದು ಸುತ್ತು ಟೇಪು ಜಾಸ್ತಿ ಹಾಕುತ್ತಾರೆ, ಅದಕ್ಕೆ ಹಣ ಕೇಳುವುದಿಲ್ಲ.

ನಾನು ಜೊತೆಗೆ ಬಂದದ್ದು ಸಂಬಂಧದಲ್ಲಿ ಅಣ್ಣನಾಗಬೇಕಾದವರ ಪೆಟ್ಟಿಗೆ ಕಟ್ಟಿಸಲಿಕ್ಕೆ. ಊರು ಉಡುಪಿಯ ದಕ್ಷಿಣಕ್ಕೆ, ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯ ಶಂಕರಪುರ. ತೊಂಬತ್ತರ ದಶಕದಲ್ಲಿ ಮುಂಬಯಿ ಮೂಲಕ ಇಲ್ಲಿಗೆ ಬಂದು, ಅಲ್ ಕೂಝಿನ ಗೋದಾಮೊಂದರಲ್ಲಿ ವಿದ್ಯುತ್ ಸಾಮಾನಿನ ಲೆಕ್ಕ ಇಡುತ್ತ ತಲೆ ನರೆತವರು. ಅವರ ಚೀಲದಿಂದ ಮೊದಲು ಹೊರಬಂದದ್ದು ಮರದ ತುರಿಮಣೆ. ಊರಿನಿಂದಲೇ ತಂದದ್ದು, ಹಲ್ಲು ಸವೆದಿದೆ. ಹುಡುಗ ಅದನ್ನು ಕೈಯಲ್ಲಿ ಹಿಡಿದು, ಇದು ಯಾವ ಕಡೆ ಮೇಲಾಗಬೇಕು ಎನ್ನುವಂತೆ ನೋಡಿದ. ಅಣ್ಣನೇ ಬಗ್ಗಿ ಅದನ್ನು ಟವೆಲಿನಲ್ಲಿ ಸುತ್ತಿ ತಳಕ್ಕೆ ಇಟ್ಟರು.

ಅಲ್ಲಿಂದ ಅವರ ಕೋಣೆಗೆ ಎರಡು ಗಲ್ಲಿ. ಒಂದು ಕೋಣೆಗೆ ನಾಲ್ವರು. ಎರಡು ಕಬ್ಬಿಣದ ಮಂಚ, ಒಂದರ ಮೇಲೊಂದು ಹಾಸಿಗೆ. ಪ್ರತಿ ಹಾಸಿಗೆಗೂ ಸುತ್ತ ಒಂದು ಪರದೆ, ಪರದೆಯೊಳಗೆ ಒಂದು ಸಣ್ಣ ಫ್ಯಾನು, ಮೊಬೈಲು ಚಾರ್ಜರು, ಮಕ್ಕಳ ಫೋಟೋ. ಒಬ್ಬ ಮನುಷ್ಯನ ಖಾಸಗಿ ಜಗತ್ತು ಆರಡಿಗೆ ಮೂರಡಿ. ಅಡುಗೆಯ ಪಾಳಿ ಗೋಡೆಯಲ್ಲಿ ಬರೆದು ಅಂಟಿಸಿದ್ದಾರೆ. ಕುಚ್ಚಲಕ್ಕಿ ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಬಂಗುಡೆಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ಟಿಗೆ ಹೋಗಬೇಕು. ರಜೆಯ ದಿನ ಹಿಂದೆ ಶುಕ್ರವಾರವಿತ್ತು. 2022ರ ಜನವರಿಯಿಂದ ಸರ್ಕಾರ ವಾರಾಂತ್ಯವನ್ನು ಶನಿವಾರ, ಭಾನುವಾರಕ್ಕೆ ತಂದ ಮೇಲೆ ಮೀನು ಸಾರಿನ ದಿನವೂ ಬದಲಾಯಿತು. ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿಗೆ ಕೊಂಕಣಿ ಪೂಜೆಗೆ ಹೋಗುವವನು, ಬರ್ ದುಬೈಯ ಹಳೆಯ ದೇವಸ್ಥಾನದ ಗಲ್ಲಿಗೆ ಹೋಗಿ ಒಂದು ಮೊಳ ಮಲ್ಲಿಗೆ ತರುವವನು, ಮಸೀದಿಗೆ ಹೋಗುವವನು, ಮೂವರೂ ಒಂದೇ ಅನ್ನದ ಪಾತ್ರೆಗೆ ಮರಳುತ್ತಾರೆ.

ಆ ರಾತ್ರಿ ಕೋಣೆಯಲ್ಲಿ ಆಸ್ತಿಪಾಲು ನಡೆಯಿತು. ರೈಸ್ ಕುಕ್ಕರು ಕಾಸರಗೋಡಿನವರಿಗೆ. ಇಸ್ತ್ರಿಪೆಟ್ಟಿಗೆ ಎಲ್ಲರಿಗೂ. ಕೆಳಗಿನ ಹಾಸಿಗೆ ಕುಂದಾಪುರ ಕಡೆಯ ಹುಡುಗನಿಗೆ. ಮೂವತ್ತೆರಡೋ ಮೂವತ್ತಮೂರೋ ವಯಸ್ಸು, ಮದುವೆಯಾಗಿ ಒಂದು ಮಗು. ಮೇಲಿನ ಹಾಸಿಗೆಯಿಂದ ಕೆಳಗಿನದಕ್ಕೆ ಬರುವುದು ಇಲ್ಲಿ ದೊಡ್ಡ ಬಡ್ತಿ. ಹುಡುಗ ಸಂತೋಷಪಡಬೇಕಿತ್ತು. ಹಾಸಿಗೆಯ ಅಂಚಿನಲ್ಲಿ ಕೂತು, "ಅಣ್ಣ, ನೀವು ಹೇಗೆ ನಿರ್ಧಾರ ಮಾಡಿದ್ದು?" ಎಂದು ಕೇಳಿದ. ಅಣ್ಣ ಔಷಧಿಯ ಡಬ್ಬ ಜೋಡಿಸುತ್ತಿದ್ದರು. ಸಕ್ಕರೆಯದ್ದು, ರಕ್ತದೊತ್ತಡದ್ದು, ಮೊಣಗಂಟಿನದ್ದು. "ಮಾಡಿದ್ದು ಅಂತ ಒಂದು ದಿನ ಇಲ್ಲ ಮಾರಾಯ" ಎಂದರು.

ಅದು ನಿಜ. ಅಮೆರಿಕಕ್ಕೋ ಕೆನಡಾಕ್ಕೋ ಹೋದವರ ಎದುರು ಇರುವ ಪ್ರಶ್ನೆ ಬೇರೆ. ಅಲ್ಲಿ ಪೌರತ್ವದ ಬಾಗಿಲು ಒಂದಿದೆ, ಅದನ್ನು ದಾಟಿದವರು ಉಳಿಯುವುದೋ ಮರಳುವುದೋ ಎಂದು ತೂಗಿ ನೋಡುತ್ತಾರೆ. ಕೊಲ್ಲಿಯ ದುಡಿಮೆಗಾರರಿಗೆ ಆ ಬಾಗಿಲು ಇಲ್ಲವೆಂದೇ ಹೇಳಬೇಕು. ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ, ಆ ದೇಶದಲ್ಲಿ ಅತಿ ದೊಡ್ಡ ವಲಸಿಗ ಸಮುದಾಯ ಅವರದೇ. ಆದರೆ ಖಾಸಗಿ ಕಂಪನಿಯ ಸಾಮಾನ್ಯ ನೌಕರನ ವಾಸದ ಪರವಾನಗಿ ಎರಡೆರಡು ವರ್ಷದ್ದು. ಕೆಲಸ ನಿಂತರೆ ವಾಸವೂ ನಿಲ್ಲುತ್ತದೆ. ಮರಳುವುದು ಮೊದಲ ದಿನವೇ ಬರೆದಿಟ್ಟ ಮಾತು, ತಾರೀಕು ಮಾತ್ರ ಖಾಲಿ. ಆ ಖಾಲಿ ಜಾಗದಲ್ಲಿ ಅಣ್ಣ ಪ್ರತಿ ವರ್ಷವೂ 'ಬರುವ ವರ್ಷ' ಎಂದು ಬರೆಯುತ್ತ ಬಂದರು. ಮೊದಲು ತಂಗಿಯ ಮದುವೆ, ಆಮೇಲೆ ಮನೆಯ ತಾರಸಿ, ಬಾವಿಗೆ ರಿಂಗು, ಮಗಳ ನರ್ಸಿಂಗ್ ಕಾಲೇಜು, ಮಗನ ಹಾಸ್ಟೆಲು. ಪ್ರತಿಯೊಂದೂ ಮುಗಿಯುವ ಹೊತ್ತಿಗೆ ಇನ್ನೊಂದು ಸಾಲ ಹುಟ್ಟುತ್ತಿತ್ತು.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಿಲ್ಲವೇ ಎಂದು ಊರಿನವರು ಸುಲಭವಾಗಿ ಕೇಳುತ್ತಾರೆ. ಕುಟುಂಬಕ್ಕೆ ವೀಸಾ ಮಾಡಿಸಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಬೇಕು, ಇಲ್ಲವೇ 3,000 ದಿರ್ಹಂ ಮತ್ತು ಕಂಪನಿ ಕೊಡುವ ಮನೆ. ಆ ಗೆರೆಯ ಕೆಳಗೆ ದುಡಿಯುವವರೇ ಈ ಬಗೆಯ ಕೋಣೆಗಳನ್ನು ತುಂಬಿರುವುದು. ಅಣ್ಣ ಗೆರೆ ದಾಟುವ ಹೊತ್ತಿಗೆ ಮಕ್ಕಳು ಊರಿನ ಶಾಲೆಗೆ ಒಗ್ಗಿದ್ದರು, ಅಣ್ಣನ ತಾಯಿ ಹಾಸಿಗೆ ಹಿಡಿದಿದ್ದರು, ಇಲ್ಲಿ ಬಾಡಿಗೆ ಏರಿತ್ತು. ಅತ್ತಿಗೆ ಅಲ್ಲೇ ಉಳಿದರು. ತಾಯಿಯ ಕೊನೆಯ ದಿನಗಳನ್ನು ಅಣ್ಣ ನೋಡಿದ್ದು ಮೊಬೈಲಿನ ಪರದೆಯಲ್ಲಿ, ಮಂಚದ ಪರದೆಯೊಳಗೆ ಕೂತು.

ಹೊರಡುವ ಮೊದಲಿನ ಭಾನುವಾರ ಅವರು ನನ್ನನ್ನು ಕ್ರೀಕಿನ ದಡಕ್ಕೆ ಕರೆದುಕೊಂಡು ಹೋದರು. ಬರ್ ದುಬೈಯಿಂದ ದೇರಾಕ್ಕೆ ಮರದ ಅಬ್ರಾ ದೋಣಿ ದಾಟುತ್ತದೆ, ಒಂದು ದಿರ್ಹಂ ಟಿಕೆಟು. ಇಂಜಿನಿನ ಡುಗುಡುಗು, ಡೀಸೆಲ್ ವಾಸನೆ, ಮುಖಕ್ಕೆ ಉಪ್ಪು ಗಾಳಿ. ಆಚೆ ದಡದಲ್ಲಿ ಧೌ ಹಡಗುಗಳ ಸಾಲು. ಫ್ರಿಜ್ಜು, ಟಯರು, ಗೋಣಿಚೀಲಗಳನ್ನು ಬೆನ್ನಲ್ಲಿ ಹೊತ್ತು ಹಲಗೆಯ ಮೇಲೆ ನಡೆಯುವವರು, ಹಡಗಿನ ಅಟ್ಟದಲ್ಲಿ ಒಣಹಾಕಿದ ಲುಂಗಿ. ಮಲ್ಪೆಯ ಧಕ್ಕೆ ನೋಡಿದವರಿಗೆ ಇದು ಪರದೇಶ ಅನ್ನಿಸುವುದಿಲ್ಲ. ಅಣ್ಣನ ಸೋದರಮಾವ ಎಪ್ಪತ್ತರ ದಶಕದಲ್ಲಿ ಮುಂಬಯಿಯಿಂದ 'ದ್ವಾರಕಾ' ಹಡಗು ಹತ್ತಿ ಈ ಕಡೆಗೆ ಬಂದವರಂತೆ. ಬ್ರಿಟಿಷ್ ಇಂಡಿಯಾ ಕಂಪನಿಯ ಆ ಹಡಗು 1982ರವರೆಗೂ ಕೊಲ್ಲಿಯ ಬಂದರುಗಳಿಗೆ ಓಡಾಡುತ್ತಿತ್ತು. ಅದಕ್ಕೂ ಹಿಂದೆ, ಈ ದಡದ ಅಂಗಡಿಗಳಲ್ಲಿ ಚಲಾವಣೆಯಲ್ಲಿದ್ದದ್ದೇ ನಮ್ಮ ರೂಪಾಯಿ. ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತ್ತು, 1966ರಲ್ಲಿ ರೂಪಾಯಿಯ ಬೆಲೆ ಇಳಿದ ಮೇಲೆ ಅದರ ಕಾಲ ಮುಗಿಯಿತು.

ಮಾವನ ಕಾಲದಲ್ಲಿ ಊರಿನ ಸುದ್ದಿ ಬರುತ್ತಿದ್ದದ್ದು ಕಾಗದದಲ್ಲಿ, ಇಲ್ಲವೇ ಕ್ಯಾಸೆಟ್ಟಿನಲ್ಲಿ. ಮನೆಯವರೆಲ್ಲ ಸುತ್ತ ಕೂತು ಒಬ್ಬೊಬ್ಬರಾಗಿ ಟೇಪ್ ರೆಕಾರ್ಡರಿನ ಎದುರು ಮಾತಾಡುವುದು, ನಡುವೆ ಕೋಳಿ ಕೂಗುವುದು, ಮಗು ಅಳುವುದು, ಮಳೆಯ ಸದ್ದು. ಊರಿಗೆ ಹೋಗುವವರ ಕೈಯಲ್ಲಿ, ಊರಿನಿಂದ ಬರುವವರ ಕೈಯಲ್ಲಿ ಕ್ಯಾಸೆಟ್ಟು ಓಡಾಡುತ್ತಿತ್ತು. ಮಾವ ಮಳೆಯ ಸದ್ದಿದ್ದ ತುಂಡನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದರಂತೆ. ಇದನ್ನು ಹೇಳುವಾಗ ಅಣ್ಣ ನೀರನ್ನೇ ನೋಡುತ್ತಿದ್ದರು.

ಕ್ಯಾನ್ಸಲ್ ಮಾಡುವುದು ಕಾಗದದ ಮಟ್ಟಿಗೆ ಸುಲಭ. ಟೈಪಿಂಗ್ ಸೆಂಟರಿನ ಹುಡುಗ ಕಂಪ್ಯೂಟರಿನಲ್ಲಿ ಒಂದು ಅರ್ಜಿ ತೆರೆದು, ಎರಡು ಕಡೆ ಸಹಿ ಹಾಕಿಸಿಕೊಳ್ಳುತ್ತಾನೆ. ಬಾಕಿ ಏನೂ ಇಲ್ಲ, ಎಲ್ಲ ಸಂದಾಯವಾಗಿದೆ ಎಂಬ ಬರಹದ ಕೆಳಗಿನ ಆ ಸಹಿಯಲ್ಲಿ ಅಣ್ಣನ ಕೈ ಒಂದು ಗಳಿಗೆ ನಿಂತಿತು. ಯುಎಇ ಕಾನೂನಿನ ಪ್ರಕಾರ ಬಿಟ್ಟು ಹೋಗುವವರಿಗೆ ಸಿಗುವ ಗ್ರಾಚುಯಿಟಿ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ವೇತನ ಮೀರುವಂತಿಲ್ಲ. ಲೆಕ್ಕ ಹಾಕುವುದು ಮೂಲವೇತನದ ಮೇಲೆ. ಕೈಗೆ ಬರುವ ಸಂಬಳದಲ್ಲಿ ಅರ್ಧದಷ್ಟೂ ಮೂಲವೇತನ ಇಲ್ಲದವರು ಎಷ್ಟೋ ಜನ, ಅವರಿಗೆ ಇದು ಕೊನೆಯ ದಿನವೇ ತಿಳಿಯುತ್ತದೆ. ಸೇರುವಾಗ ಆ ಒಂದು ಸಾಲನ್ನು ಓದಿ ನೋಡಿ ಎಂದು ಹೊಸದಾಗಿ ಹೊರಡುವ ಹುಡುಗರಿಗೆ ಯಾರಾದರೂ ಮಂಗಳೂರಿನಲ್ಲೇ ಹೇಳಬೇಕು. ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಬಂದ ಹಣವೂ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಣ್ಣನಿಗೆ ಅಂಥ ಸಾಲ ಇರಲಿಲ್ಲ. ಅದು ಅತ್ತಿಗೆಯ ಹಟ.

ಅತ್ತಿಗೆಯ ಮಾತನ್ನು ನಾನು ಇಷ್ಟು ತಡವಾಗಿ ತಂದದ್ದು ತಪ್ಪಲ್ಲ, ಊರಿನ ಲೆಕ್ಕದಲ್ಲೂ ಅವರ ಹೆಸರು ಕೊನೆಗೇ ಬರುತ್ತದೆ. ದೈವಸ್ಥಾನದ ಗೋಡೆಯ ಕಲ್ಲಿನಲ್ಲಿ ದಾನಿಗಳ ಪಟ್ಟಿ ನೋಡಿ. ಹೆಸರಿನ ಮುಂದೆ 'ದುಬೈ', 'ಬಹರೈನ್', 'ಕುವೈತ್', 'ಮುಂಬಯಿ'. ಹಣ ಕಳಿಸಿದವರ ಊರು ಅಲ್ಲಿದೆ, ಆ ಹಣದಲ್ಲಿ ಸಿಮೆಂಟು ತರಿಸಿ, ಮೇಸ್ತ್ರಿಗೆ ಚಹಾ ಕೊಟ್ಟು, ಮಕ್ಕಳ ಶುಲ್ಕ ಕಟ್ಟಿ, ಅತ್ತೆಯ ಬೆನ್ನು ತೊಳೆದು, ಉಳಿದದ್ದನ್ನು ಅಂಚೆ ಕಚೇರಿಗೆ ಹಾಕಿದವರು ಇಲ್ಲ. ಮರಳುವ ತಾರೀಕನ್ನು ಗೊತ್ತು ಮಾಡಿದ್ದು ಕೊನೆಗೆ ಅವರೇ. ಕೊರೋನಾದ ವರ್ಷ, 2020ರ ಮೇ ತಿಂಗಳಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದಾಗ, ಕೆಲಸ ಕಳೆದುಕೊಂಡವರು, ಗರ್ಭಿಣಿಯರು, ಕಾಯಿಲೆಯವರು ಅದರಲ್ಲಿದ್ದರು. ಟಿವಿಯಲ್ಲಿ ಅದನ್ನು ನೋಡಿದ ರಾತ್ರಿ ಅತ್ತಿಗೆ ಫೋನಿನಲ್ಲಿ ಹೇಳಿದ್ದು ಅಣ್ಣನಿಗೆ ಅಕ್ಷರ ಬಿಡದೆ ನೆನಪಿದೆ: "ಬರುವುದಾದರೆ ಕೈಕಾಲು ಗಟ್ಟಿ ಇರುವಾಗ ಬನ್ನಿ. ಹಾಸಿಗೆ ಹಿಡಿದ ಮೇಲೆ ಬಂದರೆ ನನಗೆ ನೋಡಿಕೊಳ್ಳಲಿಕ್ಕೆ ಇನ್ನೊಬ್ಬರು ಸಿಕ್ಕಿದ ಹಾಗೆ ಆಯಿತು. ಜೊತೆಗೆ ಒಬ್ಬರು ಸಿಕ್ಕಿದ ಹಾಗೆ ಆಗಲಿಲ್ಲ."

ವಿಮಾನದಲ್ಲಿ ಒಬ್ಬರಿಗೆ ಮೂವತ್ತು ಕಿಲೋ. ಅಣ್ಣನ ಸೂಟ್‌ಕೇಸು ತಕ್ಕಡಿಯಲ್ಲಿ ಅಷ್ಟಕ್ಕೇ ನಿಂತಿತು. ಅರ್ಧಕ್ಕರ್ಧ ಔಷಧಿ, ಕಾಗದ, ಖರ್ಜೂರ. ಹೊಸ ಚಿನ್ನ ಇರಲಿಲ್ಲ. ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣದ ಮಿತಿ ಕಸ್ಟಮ್ಸಿನಲ್ಲಿ ಇದೆ. ಪಕ್ಕದ ಸಾಲಿನಲ್ಲಿ ಅದನ್ನೇ ಎಣಿಸುತ್ತಿದ್ದ ಒಂದು ಕುಟುಂಬವನ್ನು ಅವರು ಪ್ರೀತಿಯಿಂದ ನೋಡಿ ಮುಂದೆ ಸರಿದರು.

ಮೂರೂವರೆ ಗಂಟೆಯ ಹಾರಾಟ. ಬೆಳಗಿನ ಜಾವ ವಿಮಾನ ಕಡಲಿನ ಮೇಲಿನಿಂದ ಒಳಗೆ ತಿರುಗಿತು. ಕೆಳಗೆ ನದಿಯ ತಿರುವು, ತೆಂಗಿನ ಕಪ್ಪು ಹಸಿರು, ಅಗೆದ ಕಡೆಯೆಲ್ಲ ಕೆಂಪು ಮುರಕಲ್ಲು. ಬಜ್ಪೆಯ ಗುಡ್ಡದ ನೆತ್ತಿಯನ್ನು ಸವರಿ ಮಾಡಿದ ರನ್‌ವೇ, ತುದಿಯಲ್ಲಿ ಕಣಿವೆ. ಚಕ್ರ ನೆಲ ಮುಟ್ಟುವ ತನಕ ಈ ವಿಮಾನದಲ್ಲಿ ಯಾರೂ ಮಾತಾಡುವುದಿಲ್ಲ. 2010ರ ಮೇ 22ರಂದು ದುಬೈಯಿಂದಲೇ ಹೊರಟ ವಿಮಾನ ಇಲ್ಲಿ ಇಳಿಯುವಾಗ ಕಣಿವೆಗೆ ಬಿದ್ದು 158 ಜನ ಸತ್ತರು, ಉಳಿದವರು ಎಂಟು. ಕರಾವಳಿಯ ಹಳ್ಳಿಹಳ್ಳಿಯಲ್ಲೂ ಆ ಪಟ್ಟಿಯಲ್ಲಿ ಗುರುತಿನ ಹೆಸರೊಂದಿದೆ. ನೆಹರೂ 1951ರಲ್ಲಿ ಡಕೋಟಾದಲ್ಲಿ ಬಂದಿಳಿದು ಉದ್ಘಾಟಿಸಿದ ಈ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ಅಣ್ಣ ರಜೆಗೆ ಬರುತ್ತಿದ್ದದ್ದು ಮುಂಬಯಿಯಲ್ಲಿ ಇಳಿದು, ಅಲ್ಲಿಂದ ರಾತ್ರಿಯಿಡೀ ಬಸ್ಸಿನಲ್ಲಿ, ರಟ್ಟಿನ ಪೆಟ್ಟಿಗೆಯ ಮೇಲೆ ಕಾಲು ಚಾಚಿ.

ಹೊರಗೆ ಬರುವವರನ್ನು ಕಾಯುವ ಗುಂಪಿನಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ಮಗಳು ಬಂದಿದ್ದಳು. ಅತ್ತಿಗೆ ಬಂದಿರಲಿಲ್ಲ. "ಅಮ್ಮನಿಗೆ ಹೂ ಕೊಯ್ಯಲಿಕ್ಕೆ ಉಂಟು" ಎಂದಳು ಮಗಳು. ಅದನ್ನು ಅವಳು ಹೇಳಿದ ರೀತಿಯಲ್ಲಿ ವಿವರಣೆಯ ಅಗತ್ಯವೇ ಇರಲಿಲ್ಲ. ಬಜ್ಪೆ, ಕಟೀಲು, ಕಿನ್ನಿಗೋಳಿ, ಮುಲ್ಕಿ. ಕಟೀಲಿನಲ್ಲಿ ನಂದಿನಿ ನದಿ ಬೇಸಿಗೆಯ ಕೊನೆಯ ಬಡಕಲಿನಲ್ಲಿತ್ತು. ಮುಲ್ಕಿಯಿಂದ ಹೆದ್ದಾರಿ, ಪಡುಬಿದ್ರಿ, ಕಾಪು, ಕಟಪಾಡಿಯಲ್ಲಿ ಬಲಕ್ಕೆ. ಮನೆ ಮುಟ್ಟುವಾಗ ಅತ್ತಿಗೆ ಚಾವಡಿಯಲ್ಲಿ ಬಾಳೆನಾರು ನೆನೆಹಾಕಿ ಕೂತಿದ್ದರು. ಎದ್ದರು, ಸೆರಗಿಗೆ ಕೈ ಒರೆಸಿಕೊಂಡರು, ಚಹಾ ಕೊಟ್ಟರು, ಪುನಃ ಕೂತು ಹೂ ಕಟ್ಟಿದರು. ಹೂವಿನ ಗಾಡಿ ಬರುವ ಹೊತ್ತಾಗಿತ್ತು.

ಇನ್ನು ಆ ಅಂಗಳವನ್ನು ನೋಡಬೇಕು. ನಾನು ಮತ್ತೆ ಹೋದದ್ದು ಮಳೆ ಹಿಡಿದ ಮೇಲೆ, ತುಳುವರ ಆಟಿ ತಿಂಗಳಲ್ಲಿ. ಉಡುಪಿಯ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ದುಬೈಯಲ್ಲಿ ಸರಾಸರಿ 100 ಮಿಲಿಮೀಟರಿನ ಆಸುಪಾಸು. ಹೆಂಚಿನ ಮೇಲೆ ಒಂದೇ ಸಮನೆ ಸದ್ದು, ಅಡುಗೆಮನೆಯಿಂದ ಪತ್ರೊಡೆ ಬೇಯುವ ವಾಸನೆ, ಹಗ್ಗದಲ್ಲಿ ಒಣಗದೆ ತೂಗುವ ಬಟ್ಟೆ. ಅಂಗಳದಾಚೆ ಮಲ್ಲಿಗೆಯ ಗಿಡಗಳು, ಬುಡಕ್ಕೆ ಏರಿಸಿದ ಕೆಂಪು ಮಣ್ಣು. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಅತ್ತಿಗೆ ತಲೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಗಿಡದ ಸಾಲಿಗೆ ಇಳಿಯುತ್ತಾರೆ. ಅರಳಿದ್ದನ್ನು ಮುಟ್ಟುವಂತಿಲ್ಲ, ಎಳೆಯದನ್ನು ಕೊಯ್ಯುವಂತಿಲ್ಲ. ಇಂದು ರಾತ್ರಿ ಬಿರಿಯುವ ಮೊಗ್ಗು ಯಾವುದು ಎಂಬುದು ಬಣ್ಣದಿಂದ, ಉಬ್ಬಿನಿಂದ ಬೆರಳಿಗೇ ತಿಳಿಯಬೇಕು. ಅತ್ತಿಗೆಯ ಎರಡೂ ಕೈ ಎಲೆಯ ಕೆಳಗೆ ಹೋಗಿ ಬರುತ್ತಿದ್ದರೆ ಗಿಡ ಅಲುಗುವುದೇ ಇಲ್ಲ.

ಅವರ ಹಿಂದಿನ ಸಾಲಿನಲ್ಲಿ ಅಣ್ಣ. ಗೋದಾಮಿನಲ್ಲಿ ಸಾವಿರಾರು ಬಗೆಯ ಸ್ವಿಚ್ಚು, ಕೇಬಲ್ಲುಗಳ ನಂಬರು ಬಾಯಲ್ಲಿದ್ದವರು, ಇಲ್ಲಿ ಒಂದೊಂದು ಮೊಗ್ಗಿಗೂ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಅದು ನಾಳೆಯದ್ದು, ಬಿಡಿ" ಎಂದು ಅತ್ತಿಗೆ ತಿರುಗದೆಯೇ ಹೇಳುತ್ತಾರೆ. ಅವರು ಬಿಡುತ್ತಾರೆ.

ಏಳು ಏಳೂವರೆಗೆ ಕಟ್ಟುವ ಕೆಲಸ. ಚಾವಡಿಯಲ್ಲಿ ಬಾಳೆ ಎಲೆ ಹಾಸಿ ಮೊಗ್ಗು ಸುರಿದರೆ ಮಳೆಯ ವಾಸನೆಯೂ ಹಿಂದೆ ಸರಿಯುತ್ತದೆ. ನೆನೆದ ಬಾಳೆನಾರಿನ ಒಂದು ತುದಿ ಕಾಲ ಬೆರಳಿಗೆ, ಇನ್ನೊಂದು ಕೈಯಲ್ಲಿ. ಮೊಗ್ಗು ಇಡು, ಸುತ್ತು, ಎಳೆ. ಪಕ್ಕದ ಮನೆಯ ಬಾಯಮ್ಮ ಕೊಡೆ ಮಡಚಿ ಬಂದು ಸೇರುತ್ತಾರೆ. ಈ ಮಲ್ಲಿಗೆಯ ಬೇಸಾಯ ಇಲ್ಲಿನ ಕ್ರೈಸ್ತರ ಹಿತ್ತಿಲುಗಳಲ್ಲಿ ಬೇರೂರಿ ಆಮೇಲೆ ಎಲ್ಲರ ಅಂಗಳಕ್ಕೂ ಹಬ್ಬಿದ್ದು ಎಂದು ಊರಿನ ಹಿರಿಯರು ಹೇಳುತ್ತಾರೆ. ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಂದರೆ ಒಂದು ಅಟ್ಟೆಗೆ 3,200 ಸಲ ಬೆರಳು ಮೊಗ್ಗಿನತ್ತ ಹೋಗಬೇಕು, ಕೊಯ್ಯುವಾಗ ಒಮ್ಮೆ, ಕಟ್ಟುವಾಗ ಇನ್ನೊಮ್ಮೆ. ಅಟ್ಟೆಯ ರೇಟು ಪ್ರತಿದಿನ ಶಂಕರಪುರದ ಕಟ್ಟೆಯಲ್ಲಿ ಗೊತ್ತಾಗುತ್ತದೆ, ಅಲ್ಲಿಂದ ಮೊಬೈಲಿನಲ್ಲಿ ಮನೆಮನೆಗೆ. ಮದುವೆಯ ಕಾಲದಲ್ಲಿ, ನಾಗಮಂಡಲ, ನೇಮಗಳ ಕಾಲದಲ್ಲಿ ಏರುತ್ತದೆ. ಆಟಿಯಲ್ಲಿ ಮದುವೆ ಇಲ್ಲ, ಬೀಳುತ್ತದೆ. ಮುಂದಿನ ಸೋಣ ತಿಂಗಳು ಹಿಡಿದು ಚೌತಿ ಹತ್ತಿರವಾದರೆ ಪುನಃ ಜೀವ ಬರುತ್ತದೆ. ಭೌಗೋಳಿಕ ಗುರುತು ಪಡೆದ 'ಉಡುಪಿ ಮಲ್ಲಿಗೆ' ಇದೇ. ಮುಂಬಯಿಗೂ ಹೋಗುತ್ತದೆ.

ಈ ಹೂವಿನ ಹಣದಲ್ಲೇ ಅತ್ತಿಗೆ ವರ್ಷಗಳಿಂದ ಮನೆಯ ದಿನದ ಖರ್ಚು ತೂಗಿಸಿದ್ದು. ದುಬೈಯ ಡ್ರಾಫ್ಟು ದೊಡ್ಡ ಕೆಲಸಕ್ಕೆ, ಅಕ್ಕಿ, ಮೀನು, ಬಸ್ಸಿನ ಟಿಕೆಟ್ಟು, ಆಸ್ಪತ್ರೆ ಚೀಟಿ ಎಲ್ಲ ಮಲ್ಲಿಗೆಯದ್ದು. ಅಣ್ಣ ಮರಳಿ ಬಂದದ್ದು ಅವರಿಗಾಗಿ ಕಾದು ನಿಂತ ಖಾಲಿ ಮನೆಗೆ ಅಲ್ಲ. ಬೆಳಗ್ಗೆ ಐದಕ್ಕೆ ಶುರುವಾಗಿ ಹತ್ತಕ್ಕೆ ಒಂದು ಘಟ್ಟ ಮುಗಿಯುವ, ಒಡತಿಯಿರುವ, ಲೆಕ್ಕಪುಸ್ತಕವಿರುವ ಒಂದು ಕೆಲಸದ ಜಾಗಕ್ಕೆ. ವಿದೇಶದಿಂದ ಮರಳುವವರ ಬಗ್ಗೆ ನಾವು ಆಡುವ ಮಾತುಗಳಲ್ಲಿ ಬೆಳೆದ ಮರ, ಬತ್ತಿದ ಕೆರೆ, ಬದಲಾದ ರಸ್ತೆ ಎಲ್ಲ ಇರುತ್ತದೆ. ಉಳಿದವರು ಕಟ್ಟಿಕೊಂಡ ದಿನಚರಿ ಇರುವುದಿಲ್ಲ. ಅದರೊಳಗೆ ಜಾಗ ಕೇಳಿ ಪಡೆಯಬೇಕು. ಅಣ್ಣ ಕೇಳಿದರು ಎಂಬುದೇ ನನಗೆ ಅವರ ಬಗ್ಗೆ ಇರುವ ದೊಡ್ಡ ಗೌರವ. ಮೊದಲ ವಾರ ಗಿಡಕ್ಕೆ ಹನಿ ನೀರಾವರಿ ಹಾಕಿಸುವ, ಸಾಲು ಬದಲಿಸುವ ಯೋಜನೆಯೊಂದನ್ನು ಅವರು ಕಾಗದದಲ್ಲಿ ಬರೆದಿದ್ದರಂತೆ. ಅತ್ತಿಗೆ ಅದನ್ನು ಓದಿ, "ಒಂದು ವರ್ಷ ಕೊಯ್ಯಿರಿ, ಮತ್ತೆ ಹೇಳಿ" ಎಂದರು. ಕಾಗದ ಈಗ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದೆ.

ಕಾಗದದ ಕೆಲಸ ಇಲ್ಲಿಯೂ ಇದೆ. ಅನಿವಾಸಿಯ ಎನ್‌ಆರ್‌ಇ ಖಾತೆ ಇನ್ನು ಹಾಗೇ ಇರುವಂತಿಲ್ಲ, ನಿವಾಸಿ ಖಾತೆಯಾಗಬೇಕು. ವರ್ಷದಲ್ಲಿ 182 ದಿನಕ್ಕೆ ಸಂಬಂಧಿಸಿದ ತೆರಿಗೆಯ ಲೆಕ್ಕ. ಆಧಾರಿಗೆ ಹೊಸ ಬೆರಳಚ್ಚು, ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಆರೋಗ್ಯ ವಿಮೆ. ದುಬೈಯಲ್ಲಿ ನೌಕರರಿಗೆ ವಿಮೆ ಮಾಡಿಸುವುದು ಕಂಪನಿಯ ಹೊಣೆ. ಇಲ್ಲಿ ಐವತ್ತೈದು ದಾಟಿ, ಸಕ್ಕರೆ ಕಾಯಿಲೆ ಇದ್ದವರು ಹೊಸದಾಗಿ ವಿಮೆ ಕೇಳಿದರೆ ಕಂತು ದೊಡ್ಡದು, ಹಳೆಯ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕು. ಇದನ್ನು ಅಲ್ಲಿರುವಾಗಲೇ, ರಜೆಯಲ್ಲಿ ಬಂದಾಗ ಮಾಡಿಸಿಟ್ಟುಕೊಳ್ಳಿ ಎಂದು ಅಣ್ಣ ಸಿಕ್ಕಿದವರಿಗೆಲ್ಲ ಹೇಳುತ್ತಾರೆ.

ಊರಿನವರ ಮೊದಲ ಪ್ರಶ್ನೆ ಇನ್ನೂ ಅದೇ. ಕಟ್ಟೆಯಲ್ಲಿ, ಬಸ್ಸಿನಲ್ಲಿ, ಸೊಸೈಟಿಯಲ್ಲಿ: "ಏಪ ಪೋಪುನಿ?" ಯಾವಾಗ ಹೋಗುವುದು? ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದ ಮಾತು ಬಾಯಿಗೆ ಅಭ್ಯಾಸವಾಗಿದೆ. ಇನ್ನು ಹೋಗುವುದಿಲ್ಲ ಎಂದರೆ ಕೇಳಿದವರ ಕಣ್ಣಲ್ಲಿ ಏನೋ ಆಗಿರಬೇಕು ಎಂಬ ಅನುಮಾನ. ಜೀರ್ಣೋದ್ಧಾರ ಸಮಿತಿಯವರು ರಶೀದಿ ಪುಸ್ತಕ ಹಿಡಿದು ಬಂದಿದ್ದರು. ಅಣ್ಣ ಕೊಡುವಷ್ಟು ಕೊಟ್ಟು, ಪ್ರತಿ ತಿಂಗಳು ಲೆಕ್ಕ ಬರೆದುಕೊಡುತ್ತೇನೆ ಎಂದರು. ಸಮಿತಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಮೂವತ್ತು ವರ್ಷ ಒಂದು ಬೋಲ್ಟಿನ ಲೆಕ್ಕವೂ ತಪ್ಪದೆ ಇಟ್ಟ ಮನುಷ್ಯ ಅವರ ಎದುರು ಕೂತಿದ್ದರು. ಊರಿಗೆ ಮರಳಿದವರಿಂದ ಹಣಕ್ಕಿಂತ ಬೇರೆ ಏನು ಕೇಳಬಹುದು ಎಂದು ನಮ್ಮ ಊರುಗಳು ಇನ್ನೂ ಯೋಚಿಸಿಲ್ಲ. ಯೋಚಿಸಬೇಕು. ಕ್ರೇನು ನಡೆಸಿದವರು, ಆಸ್ಪತ್ರೆಯ ವಾರ್ಡು ನೋಡಿಕೊಂಡವರು, ನೂರಾರು ಜನರಿಗೆ ಅಡುಗೆ ಮಾಡಿದವರು ಪ್ರತಿ ಹಳ್ಳಿಯಲ್ಲೂ ಚಾವಡಿಯಲ್ಲಿ ಸುಮ್ಮನೆ ಕೂತಿದ್ದಾರೆ.

ನಾನು ಅಲ್ಲಿದ್ದ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ಅಣ್ಣನ ಮೊಬೈಲು ಬಡಿದುಕೊಂಡಿತು. ಕರಾಮದ ಕುಂದಾಪುರದ ಹುಡುಗ. ಅಲ್ಲಿ ಎಂಟು ಗಂಟೆ, ರಜೆಯ ದಿನ. ಸ್ಪೀಕರಿನಲ್ಲಿ ಏಸಿಯ ಗುಂಯ್‌ಗುಡುವಿಕೆ ಇಲ್ಲಿಯ ಮಳೆಯೊಳಗೆ ಕೇಳಿಸಿತು. ಸಂಬಳ ಹೆಚ್ಚಿಸಿಲ್ಲ, ಮಗು ವಿಡಿಯೋದಲ್ಲಿ ಗುರುತು ಹಿಡಿಯುತ್ತದೆ, ಎದುರು ಹೋದರೆ ಅಳುತ್ತದೆ, ಬಂದುಬಿಡುವುದೋ ಇನ್ನೆರಡು ವರ್ಷ ನೋಡುವುದೋ ಎಂದು ಕೇಳಿದ. ಅಣ್ಣ ಕೈಯಲ್ಲಿದ್ದ ನಾರು ಬಿಡದೆ, "ಇವಳ ಹತ್ತಿರ ಮಾತಾಡು" ಎಂದು ಮೊಬೈಲನ್ನು ಅತ್ತಿಗೆಯ ಮಂಡಿಯ ಬಳಿ ಸರಿಸಿದರು.

ಅತ್ತಿಗೆ ಹೂ ಕಟ್ಟುತ್ತಲೇ ಕೇಳಿದರು. ಸಾಲ ಎಷ್ಟು ಉಂಟು? ಮನೆ ಅಪ್ಪನ ಹೆಸರಿನಲ್ಲಾ, ನಿನ್ನದರಲ್ಲಾ? ಇಲ್ಲಿ ಬಂದರೆ ಏನು ಕೆಲಸ ನೋಡಿದ್ದಿ? ವಿಮೆ ಮಾಡಿಸಿದ್ದಿಯಾ? ಹುಡುಗ ಒಂದೊಂದಕ್ಕೂ ಉತ್ತರ ಕೊಟ್ಟ, ಕೆಲವಕ್ಕೆ ಕೊಡಲಿಲ್ಲ.

"ಹೆಂಡತಿ ಏನು ಹೇಳ್ತಾಳೆ?"

"ಅವಳ ಹತ್ತಿರ ಇನ್ನೂ ಕೇಳಲಿಲ್ಲ ಅಕ್ಕ. ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಅಂತ."

"ಮೊದಲು ಅವಳಿಗೆ ಫೋನ್ ಮಾಡು. ಈಗಲೇ ಮಾಡು, ಮಗು ಏಳುವ ಮೊದಲು. ಮತ್ತೆ ನಮಗೆ ಮಾಡು" ಎಂದರು ಅತ್ತಿಗೆ, ಕೊನೆಯ ಗಂಟು ಬಿಗಿದು ಚೆಂಡನ್ನು ಬಾಳೆ ಎಲೆಗೆ ಇಳಿಸುತ್ತ. ಗೇಟಿನ ಹತ್ತಿರ ಹೂವಿನ ರಿಕ್ಷಾ ಹಾರ್ನ್ ಹಾಕಿತು. ಅಣ್ಣ ಕೊಡೆ ಬಿಡಿಸಿ, ಅಟ್ಟೆಯನ್ನು ಎದೆಗೆ ಹಿಡಿದು ಅಂಗಳಕ್ಕೆ ಇಳಿದರು. ಹಿಂದಿನಿಂದ ಅತ್ತಿಗೆ, ಇವತ್ತಿನ ರೇಟು ಎಷ್ಟೆಂದು ಕೇಳಿ ಬರೆಸಿಕೊಂಡು ಬನ್ನಿ, ನಿನ್ನೆಯದ್ದು ಬರೆಯಲಿಲ್ಲ ಎಂದು ಕೂಗಿ ಹೇಳಿದರು.